ಜಾಲೀಗಿಡದ ಕೆಳಗೆ ನಿದ್ರೆ: ಮಾತ್ರೆ, ಬೇರು ಮತ್ತು ನಮ್ಮ ನಂಬಿಕೆ

ಭಾನುವಾರದ ಆರಾಧನೆ, ತೊಕ್ಕೊಟ್ಟು
ವಾಕ್ಯಭಾಗ: 1 ಅರಸುಗಳು 19:1–8, ಯೋಹಾನ 12:1–8

ಹಿರಿಯರು ಕ್ಷಮಿಸಬೇಕು, ಇವತ್ತಿನ ಮಾತು ಹೆಚ್ಚಾಗಿ ಹಿಂದಿನ ಸಾಲಿನಲ್ಲಿ ಕೂತಿರುವ ಯೌವನಸ್ಥರಿಗೆ.

ಯೂತ್ ಮೀಟಿಂಗಿನ ಪ್ರಶ್ನೆಪೆಟ್ಟಿಗೆಯಲ್ಲಿ ಈ ಸಲ ಒಂದೇ ವಿಷಯದ ಮೂರು ಚೀಟಿ ಬಂದಿದ್ದವು. ಒಂದು: ಮನಸ್ಸಿನ ಭಯಕ್ಕೆ ಮಾತ್ರೆ ತಗೊಳ್ಳುದು ಅಪನಂಬಿಕೆಯಾ? ಎರಡು: ಇಂಗ್ಲಿಷ್ ಮದ್ದು ಬೇಡ, ಅಶ್ವಗಂಧ ಆದ್ರೆ ಆಗ್ತದಾ? ಮೂರನೆಯದರಲ್ಲಿ ಪ್ರಶ್ನೆಯೇ ಇರಲಿಲ್ಲ. ಎಂಟು ತಿಂಗಳಿಂದ ಮಾತ್ರೆ ಇಲ್ಲದೆ ಮಲಗಿಲ್ಲ, ಮನೆಯಲ್ಲಿ ಗೊತ್ತಿಲ್ಲ, ಅಷ್ಟೇ. ಬರೆದವರು ಯಾರು ಅಂತ ನಾನು ಹುಡುಕಲಿಕ್ಕೆ ಹೋಗಿಲ್ಲ. ಅವರು ಇವತ್ತು ಇಲ್ಲಿ ಕೂತಿದ್ದಾರೆ ಅಂತಲೇ ನೆನೆಸಿ ಮಾತಾಡ್ತೇನೆ.

ನಮ್ಮ ತೊಕ್ಕೊಟ್ಟು ನಿಮಗೆ ಗೊತ್ತುಂಟು. ಫ್ಲೈಓವರ್ ಕೆಳಗೆ ಬೆಳಿಗ್ಗೆ ಏಳೂವರೆಗೆ ನಿಂತು ನೋಡಿ. ದೇರಳಕಟ್ಟೆಯ ಬಸ್ಸಿಗೆ ಕಾಯುವ ನರ್ಸಿಂಗ್ ಮಕ್ಕಳು, ಮೆಡಿಕಲ್ ಮಕ್ಕಳು, ರಾತ್ರಿ ಪಾಳಿ ಮುಗಿಸಿ ಬಂದವರು, ಗಂಡ ಗಲ್ಫಿನಲ್ಲಿ ಇದ್ದು ಮನೆಯ ಸಾಲ ಒಬ್ಬರೇ ಹೊತ್ತವರು. ಮುಖ ತೊಳೆದಿದೆ, ಕಣ್ಣು ಮಲಗಿಲ್ಲ. ಮಂಗಳೂರಿಗೆ ಹೋಗುವಾಗ ನೇತ್ರಾವತಿ ಸೇತುವೆಯ ಎರಡೂ ಬದಿಗೆ ಕಬ್ಬಿಣದ ಜಾಲರಿ ಕಾಣ್ತದೆ. ಅದನ್ನು ಯಾಕೆ ಹಾಕಿದ್ದು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಇದು ಯಾರೋ ದೂರದವರ ವಿಷಯ ಅಲ್ಲ.

ಎಲೀಯನ ಕಡೆಗೆ ಬರೋಣ. ಕರ್ಮೆಲಿನಲ್ಲಿ ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ. ಮರುದಿನ ಈಜೆಬೆಲಳ ಒಂದು ಮಾತು ಕಿವಿಗೆ ಬಿತ್ತು, ಓಡಿದ. ಬೇರ್ಷೆಬದಲ್ಲಿ ಸೇವಕನನ್ನು ಬಿಟ್ಟು, ಒಬ್ಬನೇ ಅಡವಿಗೆ ಒಂದು ದಿನದ ದಾರಿ ನಡೆದು, ಜಾಲೀಗಿಡದ ಕೆಳಗೆ ಕೂತು, ಸಾಕು, ನನ್ನ ಜೀವ ತೆಗೆದುಕೋ ಅಂತ ಕೇಳಿಕೊಂಡ. ಗಮನಿಸಿ, ಮೊದಲು ಜೊತೆಗಾರನನ್ನು ಬಿಟ್ಟ, ಆಮೇಲೆ ಸಾಯುವ ಮಾತು ಬಂತು. ಹಾಸ್ಟೆಲಿನಲ್ಲೂ ಇದೇ ಕ್ರಮ. ಮೊದಲು ಊಟಕ್ಕೆ ಒಟ್ಟಿಗೆ ಬರುವುದು ನಿಲ್ಲಿಸ್ತಾರೆ.

ದೇವರು ಎಂತ ಮಾಡಿದರು? ಎಲೀಯಾ, ನಿನ್ನ ನಂಬಿಕೆ ಎಲ್ಲಿ ಹೋಯ್ತು ಅಂತ ಗದರಿಸಿದರಾ? ಇಲ್ಲ. ಮಲಗಲಿಕ್ಕೆ ಬಿಟ್ಟರು. ದೂತನು ಬಂದು ಮುಟ್ಟಿ ಎಬ್ಬಿಸಿದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಮತ್ತೆ ಮಲಗಿದ. ಮತ್ತೆ ಮಲಗಿದ್ದಕ್ಕೂ ಬೈಗುಳ ಇಲ್ಲ. ಎರಡನೇ ಸಲ ಎಬ್ಬಿಸಿ, ದಾರಿ ದೂರ ಉಂಟು, ತಿನ್ನು ಅಂದ. ಹೋರೇಬಿನಲ್ಲಿ ದೇವರು ಮಾತಾಡಿದ್ದು ನಾಲ್ವತ್ತು ದಿನ ಆದ ಮೇಲೆ. ಮೊದಲು ನಿದ್ರೆ, ಅನ್ನ, ನೀರು. ಪ್ರಸಂಗ ಆಮೇಲೆ. ಪ್ರಸಂಗಿಗಳಾದ ನಮಗೆ ಇದು ಸ್ವಲ್ಪ ಕಷ್ಟದ ವಾಕ್ಯಭಾಗ. ಹಲ್ಲೆಲೂಯಾ!

ಈಗ ಕೆಲವರು 2 ಪೂರ್ವಕಾಲವೃತ್ತಾಂತ 16:12 ತೆರೆದು ತೋರಿಸ್ತಾರೆ. ಆಸನು ಕಾಲಿನ ರೋಗದಲ್ಲಿ ಯೆಹೋವನನ್ನು ಹುಡುಕದೆ ವೈದ್ಯರನ್ನು ಹುಡುಕಿದ, ಸತ್ತ. ಆದ್ದರಿಂದ ಮದ್ದು ಪಾಪ ಅಂತ. ಆ ಅಧ್ಯಾಯವನ್ನು ಮೊದಲಿನಿಂದ ಓದಿ. ಆಸನು ದೇವಾಲಯದ ಬೆಳ್ಳಿಬಂಗಾರ ತೆಗೆದು ಅರಾಮ್ಯರ ಅರಸನನ್ನು ಕೊಂಡುಕೊಂಡ. ಬುದ್ಧಿ ಹೇಳಿದ ದರ್ಶಿಯನ್ನು ಸೆರೆಮನೆಗೆ ಹಾಕಿದ. ಮುಖ ತಿರುಗಿಸಿಕೊಂಡವನು ರೋಗದಲ್ಲೂ ಮುಖ ತಿರುಗಿಸಿಯೇ ಇದ್ದ. ಅದು ಅವನ ಪಾಪ, ವೈದ್ಯರು ಮನೆಗೆ ಬಂದದ್ದಲ್ಲ. ಹಿಜ್ಕೀಯನನ್ನು ನೋಡಿ. ಹದಿನೈದು ವರ್ಷ ಆಯುಷ್ಯ ಕೂಡಿಸ್ತೇನೆ ಅಂತ ದೇವರೇ ವಾಗ್ದಾನ ಕೊಟ್ಟ ಮೇಲೂ ಯೆಶಾಯ ಅಂಜೂರದ ಮುದ್ದೆ ತರಿಸಿ ಹುಣ್ಣಿಗೆ ಹಚ್ಚಿಸಿದ. ವಾಗ್ದಾನವೂ ಇತ್ತು, ಮದ್ದೂ ಇತ್ತು. ಲೂಕನು ವೈದ್ಯ ಅಂತ ಕೊಲೊಸ್ಸೆಯವರ ಪತ್ರಿಕೆ ಹೇಳ್ತದೆ. ಪೌಲನು ಅವನಿಗೆ ಕೆಲಸ ಬಿಡಲಿಕ್ಕೆ ಹೇಳಿದ್ದು ನಾನು ಎಲ್ಲೂ ಓದಿಲ್ಲ. ನಮ್ಮ ಊರಲ್ಲೂ ಹಾಗೆಯೇ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ 1880ರಲ್ಲಿ ಒಬ್ಬ ಪಾದ್ರಿಯವರು ಹೋಮಿಯೋಪಥಿ ಗುಳಿಗೆ ಕೊಡುವುದರಿಂದ ಶುರುವಾದದ್ದು. ಅವರು ನಮ್ಮ ಪಂಗಡದವರಲ್ಲ, ಆದರೂ ಹೇಳಬೇಕಾದ್ದನ್ನು ಹೇಳಬೇಕು.

ಇನ್ನೊಂದು ವಾಕ್ಯ ಫಿಲಿಪ್ಪಿ 4:6. ಚಿಂತೆ ಮಾಡಬಾರದು ಅಂತ ಉಂಟು, ಚಿಂತೆ ಮಾಡಿದ್ರೆ ಪಾಪ ಅಂತ ಕೋಲು ಹಿಡಿದು ನಿಲ್ಲುವವರಿದ್ದಾರೆ. ಅದೇ ಪೌಲನು 2 ಕೊರಿಂಥ 7:5ರಲ್ಲಿ ತನಗೆ ಒಳಗೆ ಭಯ ಇತ್ತು ಅಂತ ಬಾಯಿ ಬಿಟ್ಟು ಹೇಳಿದ್ದಾನೆ. ನಾಲ್ಕನೇ ಅಧ್ಯಾಯದ ಮಾತು ನಡುಗುವವರ ಬೆನ್ನಿಗೆ ಕೈಯಿಡಲಿಕ್ಕೆ ಬರೆದದ್ದು, ಹೊಡೆಯಲಿಕ್ಕೆ ಬರೆದದ್ದಲ್ಲ.

ಮಾತ್ರೆಗೆ ಬರ್ತೇನೆ. ನಾನು ಡಾಕ್ಟರ್ ಅಲ್ಲ. ಆದರೆ ನಮ್ಮ ಸಭೆಯಲ್ಲಿ ಡಾಕ್ಟರು, ನರ್ಸು, ಫಾರ್ಮಸಿಸ್ಟು ಇದ್ದಾರೆ. ಅವರ ಹತ್ತಿರ ಕೂತು ಕೇಳಿ ತಿಳಿದುಕೊಂಡೇ ಹೇಳ್ತಿದ್ದೇನೆ. ನಿಮ್ಮಲ್ಲಿ ಹೆಚ್ಚಿನವರ ಬ್ಯಾಗಿನಲ್ಲಿ ಸಿಗುವುದು ಅಲ್ಪ್ರಾಜೋಲಮ್, ಕ್ಲೊನಾಜೆಪಾಮ್ ಜಾತಿಯ ಮಾತ್ರೆ. ಈ ಜಾತಿಯ ಮೊದಲ ಮಾತ್ರೆ ಲಿಬ್ರಿಯಮ್ 1960ರಲ್ಲಿ, ವ್ಯಾಲಿಯಮ್ 1963ರಲ್ಲಿ ಮಾರುಕಟ್ಟೆಗೆ ಬಂತು. ಮೆದುಳಿನಲ್ಲಿ ಗಾಬಾ ಅಂತ ಒಂದು ರಾಸಾಯನಿಕ ದೇವರೇ ಇಟ್ಟದ್ದು ಉಂಟು, ಬ್ರೇಕಿನ ಹಾಗೆ. ಮಾತ್ರೆ ಆ ಬ್ರೇಕಿನ ಮೇಲೆ ಇನ್ನೊಂದು ಕಾಲು ಇಡ್ತದೆ. ಅರ್ಧ ಗಂಟೆ, ಒಂದು ಗಂಟೆಯಲ್ಲಿ ಎದೆಬಡಿತ ಇಳಿಯುತ್ತದೆ. ಕೆಲವು ದಿನಕ್ಕೆ, ಡಾಕ್ಟರ್ ಹೇಳಿದ ಅಳತೆಯಲ್ಲಿ, ಒಳ್ಳೇ ಮದ್ದು. ಆದರೆ ವಾರಗಟ್ಟಲೆ ದಿನಾ ತಗೊಂಡ್ರೆ ಮೆದುಳು ತನ್ನ ಬ್ರೇಕನ್ನು ತಾನೇ ಸಡಿಲ ಮಾಡಿಕೊಳ್ತದೆ. ಆಗ ಒಂದು ಮಾತ್ರೆ ಸಾಲುವುದಿಲ್ಲ. ಒಮ್ಮೆಲೇ ಬಿಟ್ಟರೆ ಹಿಡಿಯಲಿಕ್ಕೆ ಬ್ರೇಕೇ ಇಲ್ಲ. ನಡುಕ, ಬೆವರು, ನಿದ್ರೆ ಇಲ್ಲ, ಕೆಲವರಿಗೆ ಫಿಟ್ಸ್ ಬರ್ತದೆ. ಜೀವಕ್ಕೇ ಅಪಾಯ. ಮದ್ಯದ ಜೊತೆ ಸೇರಿದರೆ ಉಸಿರೇ ನಿಧಾನವಾಗಿ ನಿಲ್ಲಬಹುದು.

ಇದನ್ನು ಇಷ್ಟು ಬಿಡಿಸಿ ಹೇಳಲಿಕ್ಕೆ ಕಾರಣ ಉಂಟು. ಕೆಲವು ವರ್ಷದ ಹಿಂದೆ ಒಬ್ಬ ತಂಗಿ, ಓದುವ ಹುಡುಗಿ, ಬೇರೆ ಊರಿನ ಒಂದು ಕೂಟಕ್ಕೆ ಹೋಗಿದ್ದಳು. ಅಲ್ಲಿ ಬೋಧಕರು, ನಂಬುವವರು ಮಾತ್ರೆ ಬಿಸಾಡಿ ಅಂದರಂತೆ. ಇವಳು ಸ್ಟ್ರಿಪ್ಪನ್ನು ವೇದಿಕೆ ಮೇಲೆಯೇ ಬಿಸಾಡಿ ಬಂದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರನೇ ರಾತ್ರಿ ಅವಳ ತಾಯಿಯ ಫೋನು. "ಪಾಸ್ಟರ್, ಬೇಗ ಬನ್ನಿ, ಮಗಳಿಗೆ ದುರಾತ್ಮ ಹಿಡಿದಿದೆ, ಕೈಕಾಲು ಸೆಳೆಯುತ್ತಾ ಉಂಟು, ಬಾಯಲ್ಲಿ ನೊರೆ." ನಾನು ಕೇಳಿದೆ, "ಅಮ್ಮಾ, ಅವಳು ಯಾವುದಾದರೂ ಮಾತ್ರೆ ನಿಲ್ಲಿಸಿದ್ದಾಳಾ?" ಆ ಕಡೆ ಮೌನ. "ನಾನು ಬರ್ತೇನೆ, ದಾರಿಯಲ್ಲೆಲ್ಲ ಪ್ರಾರ್ಥಿಸ್ತಾ ಬರ್ತೇನೆ. ಅವಳನ್ನು ಒಂದು ಬದಿಗೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಈಗಲೇ ರಿಕ್ಷಾ ಕರೆದು ಕ್ಯಾಶುವಾಲ್ಟಿಗೆ ಕರ್ಕೊಂಡು ಹೋಗಿ. ನಾನು ಅಲ್ಲಿಗೇ ಬರ್ತೇನೆ." ದೇವರು ದೊಡ್ಡವರು, ಅವಳು ಉಳಿದಳು. ಆಮೇಲೆ ಡಾಕ್ಟರು ವಾರ ವಾರ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಐದು ತಿಂಗಳಲ್ಲಿ ಆ ಮಾತ್ರೆಯನ್ನು ಪೂರ್ತಿ ಬಿಡಿಸಿದರು. ಆ ಐದು ತಿಂಗಳು ಪ್ರತಿ ರಾತ್ರಿ ಒಂಬತ್ತಕ್ಕೆ ನಮ್ಮ ಇಬ್ಬರು ಸಹೋದರಿಯರು ಅವಳಿಗೆ ಫೋನ್ ಮಾಡಿ ಒಂದು ಕೀರ್ತನೆ ಓದುತ್ತಿದ್ದರು. ಗುಣಪಡಿಸಿದ್ದು ಯಾರು ಅಂತ ಕೇಳಿದ್ರೆ ನಾನು ಯೇಸು ಅಂತಲೇ ಹೇಳ್ತೇನೆ, ಆ ಡಾಕ್ಟರ ಅಳತೆಯನ್ನೂ ಸೇರಿಸಿಯೇ ಹೇಳ್ತೇನೆ.

ಇದನ್ನೂ ತಿಳ್ಕೊಳ್ಳಿ. ಮನಸ್ಸಿಗೆ ಕೊಡುವ ಎಲ್ಲ ಮಾತ್ರೆಯೂ ಈ ಜಾತಿಯದ್ದಲ್ಲ. ಖಿನ್ನತೆಗೆ, ದೀರ್ಘ ಕಾಲದ ಭಯಕ್ಕೆ ಕೊಡುವ ಬೇರೆ ಮದ್ದುಗಳಿವೆ. ಅವು ಕೆಲಸ ಶುರು ಮಾಡಲಿಕ್ಕೇ ಎರಡು ವಾರ, ನಾಲ್ಕು ವಾರ ಬೇಕು. ಮೊದಲ ವಾರದಲ್ಲೇ ಪ್ರಯೋಜನ ಇಲ್ಲ ಅಂತ ಬಿಡಬೇಡಿ. ಅವನ್ನೂ ಒಮ್ಮೆಲೇ ನಿಲ್ಲಿಸುವ ಹಾಗಿಲ್ಲ.

ಸರಿ, ಎರಡನೇ ಚೀಟಿ. ಬೇರು, ಸೊಪ್ಪು, ಚೂರ್ಣ. ಕೆಲವು ವಿಶ್ವಾಸಿಗಳಿಗೆ ಆಯುರ್ವೇದ ಅಂದರೇ ಹೆದರಿಕೆ, ಕೆಲವರಿಗೆ ಅದು ದೇವರ ಸೊಪ್ಪು, ಎಷ್ಟು ತಿಂದರೂ ದೋಷ ಇಲ್ಲ ಅಂತ ಧೈರ್ಯ. ಬೇರಿಗೆ ಮತ ಇಲ್ಲ, ಸೃಷ್ಟಿಸಿದವರು ದೇವರು. ಆದರೆ ದೋಷ ಇಲ್ಲ ಅನ್ನುವ ಮಾತು ಸುಳ್ಳು.

ಸರ್ಪಗಂಧದ ಕಥೆ ಕೇಳಿ. ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಗಿಡ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಎಂಬವರು ಹುಚ್ಚಿಗೂ ರಕ್ತದೊತ್ತಡಕ್ಕೂ ಇದರ ಬೇರು ಪ್ರಯೋಜನ ಅಂತ ಬರೆದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡದ ರೋಗಿಗಳಲ್ಲಿ ಪರೀಕ್ಷಿಸಿ ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಸ್ ಕಂಪನಿ ಸೀಬಾದವರು ಅದರಿಂದ ರಿಸರ್ಪಿನ್ ಎಂಬ ಸಾರ ಬೇರ್ಪಡಿಸಿದರು. ಜಗತ್ತಿನ ಆಸ್ಪತ್ರೆಗಳಲ್ಲಿ ಮನಸ್ಸಿನ ರೋಗಿಗಳಿಗೆ ಕೊಟ್ಟರು. ಆಮೇಲೆ ಕೆಲವರಿಗೆ ಅದನ್ನು ತಗೊಂಡ ಮೇಲೆ ಮಂಕು ಕವಿಯುತ್ತದೆ, ಸಾಯುವ ಯೋಚನೆ ಬರ್ತದೆ ಅಂತ ವರದಿಗಳು ಬಂದವು. ಹೊಸ ಮದ್ದು ಬಂದ ಹಾಗೆ ಅದು ಹಿಂದೆ ಸರಿಯಿತು. ಕಾಡಿನ ಬೇರೇ, ಇಷ್ಟು ಶಕ್ತಿ. ಹಿತ್ತಿಲಲ್ಲಿ ಕಿತ್ತು ಕಷಾಯ ಮಾಡುವ ಸಾಮಾನಲ್ಲ ಅದು.

ಅಶ್ವಗಂಧ ಕೆಲವರಿಗೆ ನಿದ್ರೆಗೆ ಸಹಾಯ ಮಾಡ್ತದೆ, ಅದರ ಸಸ್ಯಶಾಸ್ತ್ರದ ಹೆಸರಿನಲ್ಲೇ ನಿದ್ರೆ ತರುವುದು ಅಂತ ಅರ್ಥ ಉಂಟು. ಆದರೆ ಲಿವರಿಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ಗರ್ಭಿಣಿಯರಿಗೆ ಬೇಡ, ಥೈರಾಯ್ಡ್ ಇರುವವರು, ಈಗಾಗಲೇ ನಿದ್ರೆ ಮಾತ್ರೆ ತಗೊಳ್ಳುವವರು ಕೇಳದೆ ಮುಟ್ಟಬಾರದು. ಡಾಕ್ಟರ ಹತ್ತಿರ ಹೋದಾಗ ಚೂರ್ಣದ ಡಬ್ಬಿಯನ್ನೂ ತೋರಿಸಿ, ಅಡಗಿಸಬೇಡಿ. ಲೇಬಲ್ ಇಲ್ಲದ ಪೊಟ್ಟಣದ ಪುಡಿ, ಒಂದೇ ರಾತ್ರಿಯಲ್ಲಿ ಗಡದ್ದಾಗಿ ನಿದ್ರೆ ಬರಿಸುವುದಾದರೆ, ಒಳಗೆ ಎಂತ ಬೆರೆಸಿದ್ದಾರೋ ಅಂತ ಸಂಶಯ ಪಡಿ. ಇನ್ನು ಅಜ್ಜಿ ಮಾಡುವ ತಿಮರೆ ಚಟ್ನಿ. ಅದನ್ನು ಧಾರಾಳ ತಿನ್ನಿ. ಅದು ಊಟ. ಗಂಜಿಗೆ ಒಳ್ಳೇದಾಗ್ತದೆ.

ಒಂದು ಬೇರಿನ ಹೆಸರು ಮಾತ್ರ ನನಗೆ ಬಹಳ ಇಷ್ಟ. ಜಟಾಮಾಂಸಿ. ನಿದ್ರೆಗೆ, ತಲೆಬಿಸಿಗೆ ಅಂತ ತಲೆಗೆ ಹಚ್ಚುವ ಎಣ್ಣೆಯಲ್ಲಿ ಹಾಕ್ತಾರೆ. ಹಿಮಾಲಯದಲ್ಲಿ ಮೂರು ಸಾವಿರ ಮೀಟರಿಗಿಂತ ಮೇಲೆ ಬೆಳೆಯುವ ಗಿಡ, ಅತಿಯಾಗಿ ಕಿತ್ತು ಈಗ ಅಳಿವಿನ ಅಂಚಿಗೆ ಬಂದಿದೆ. ಈಗ ಯೋಹಾನ 12 ತೆರೆಯಿರಿ. ಬೇಥಾನ್ಯದಲ್ಲಿ ಮರಿಯಳು ಯೇಸುವಿನ ಪಾದಕ್ಕೆ ಹೊಯ್ದದ್ದು ಯಾವ ತೈಲ? ನಮ್ಮ ಕನ್ನಡ ಸತ್ಯವೇದದಲ್ಲಿ ಜಟಾಮಾಂಸಿ ಅಂತಲೇ ಉಂಟು. ನಮ್ಮ ಹಿಮಾಲಯದ ಬೇರು ಒಂಟೆ, ಹಡಗು ದಾಟಿ ಯೆಹೂದ್ಯದ ಒಂದು ಮನೆಗೆ ಮುಟ್ಟಿತ್ತು. ಮುನ್ನೂರು ಹಣದ ಬೆಲೆ, ಕೂಲಿಯವನ ಸುಮಾರು ಒಂದು ವರ್ಷದ ದುಡಿಮೆ. ಮನೆಯೆಲ್ಲ ಪರಿಮಳ ತುಂಬಿತು.

ಆ ಪಾದ ಯಾರದು, ಎಲ್ಲಿಗೆ ನಡೆಯಲಿಕ್ಕಿತ್ತು? ಕೆಲವೇ ದಿನದಲ್ಲಿ ಗೆತ್ಸೇಮನೆಗೆ. ಮಾರ್ಕ 14ರಲ್ಲಿ ಓದಿ, ಅಲ್ಲಿ ಯೇಸುವೇ ಬೆಚ್ಚಿದ, ಕಳವಳಪಟ್ಟ, ಮೂವರು ಸ್ನೇಹಿತರನ್ನು ಕರೆದು ನನ್ನ ಜೊತೆ ಎಚ್ಚರವಾಗಿರಿ ಅಂತ ಕೇಳಿಕೊಂಡ. ಅವರು ಮಲಗಿದರು. ನಮ್ಮ ಕರ್ತನಿಗೆ ನಡುಕ ಎಂದರೆ ಎಂತದು ಅಂತ ಗೊತ್ತು. ಜೊತೆಗೆ ಕೂರುವವರಿಲ್ಲದ ರಾತ್ರಿ ಹೇಗಿರ್ತದೆ ಅಂತಲೂ ಗೊತ್ತು. ಶಿಲುಬೆಯಲ್ಲಿ ರಕ್ತಬೋಳ ಬೆರೆಸಿದ ದ್ರಾಕ್ಷಾರಸ ಕೊಟ್ಟಾಗ ಆತನು ತೆಗೆದುಕೊಳ್ಳಲಿಲ್ಲ. ಇದನ್ನು ಹಿಡಿದು, ನೋಡಿ, ಯೇಸು ನೋವಿನ ಮದ್ದು ಬೇಡ ಅಂದ, ನೀವೂ ಬೇಡ ಅನ್ನಿ ಎಂದು ಹೇಳುವವರಿದ್ದಾರೆ. ಆ ಪಾತ್ರೆ ನಮಗೋಸ್ಕರ ಪೂರ್ಣ ಎಚ್ಚರದಲ್ಲಿ ಆತನೊಬ್ಬನೇ ಕುಡಿಯಬೇಕಾಗಿತ್ತು. ಅದನ್ನು ನಿಮ್ಮ ಕೈಗೆ ಆತನು ಕೊಟ್ಟಿಲ್ಲ. ಗಾಯಪಟ್ಟವನಿಗೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಪಟ್ಟಿ ಕಟ್ಟಿದ ಸಮಾರ್ಯದವನ ಕಥೆ ಹೇಳಿದವನೂ ಆತನೇ.

ಮೂರನೇ ಚೀಟಿಯವರೇ, ಈಗ ನಿಮಗೆ. ನಿಮ್ಮ ಸ್ಟ್ರಿಪ್ಪನ್ನು ವೇದಿಕೆಗೆ ತರಬೇಡಿ, ಚರಂಡಿಗೂ ಹಾಕಬೇಡಿ. ಇವತ್ತು ರಾತ್ರಿ ನಿಲ್ಲಿಸಲೂ ಬೇಡಿ. ಎಷ್ಟು ತಗೊಳ್ತಿದ್ದೀರಿ ಅಂತ ಒಂದು ಕಾಗದದಲ್ಲಿ ಸತ್ಯವಾಗಿ ಬರೆದು, ಈ ವಾರವೇ ಒಬ್ಬ ಮನೋವೈದ್ಯರಿಗೆ ಕೊಡಿ. ಜೊತೆಗೆ ಬರಲಿಕ್ಕೆ ಜನ ಬೇಕಾದ್ರೆ ನಾನು ಬರ್ತೇನೆ, ಇಲ್ಲ ನನ್ನ ಹೆಂಡತಿ ಬರ್ತಾಳೆ. ಪಕ್ಕದ ಕುರ್ಚಿಯಲ್ಲಿ ಕೂರ್ತೇವೆ, ಒಳಗೆ ಎಂತ ಮಾತಾಡಿದ್ರಿ ಅಂತ ಕೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ ತಡೆಯಲಿಕ್ಕೆ ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರಕಾರದ್ದು, ಹಣ ಇಲ್ಲ, ಕನ್ನಡದಲ್ಲಿ ಮಾತಾಡಬಹುದು, 2022ರಿಂದ ಇದೆ. ನನ್ನ ನಂಬರೂ ಗೊತ್ತುಂಟಲ್ಲ.

ಸ್ನೇಹಿತರ ಸ್ಟ್ರಿಪ್ಪಿನಿಂದ ಒಂದು ಕಿತ್ತುಕೊಡುವವರು ದಯವಿಟ್ಟು ಅದನ್ನು ನಿಲ್ಲಿಸಿ. ಅಲ್ಪ್ರಾಜೋಲಮ್ 2014ರಿಂದ ಶೆಡ್ಯೂಲ್ ಎಚ್‌1ರಲ್ಲಿ ಉಂಟು, ಅಂಗಡಿಯವರು ಚೀಟಿ ನೋಡಿ, ನಿಮ್ಮ ಹೆಸರು, ಡಾಕ್ಟರ ಹೆಸರು ಪುಸ್ತಕದಲ್ಲಿ ಬರೆದೇ ಕೊಡಬೇಕು. ಚೀಟಿ ಇಲ್ಲದೆ ಕೊಡುವ ಅಂಗಡಿ ನಿಮಗೆ ಉಪಕಾರ ಮಾಡುತ್ತಿಲ್ಲ. ಮತ್ತೆ ಗಲ್ಫಿಗೆ ಹೊರಟವರು, ಅಮ್ಮ ಕಟ್ಟಿಕೊಟ್ಟ ಮದ್ದಿನ ಪೊಟ್ಟಣದಲ್ಲಿ ಇಂಥ ಮಾತ್ರೆ ಉಂಟಾ ನೋಡಿ. ಯುಎಇಯಲ್ಲಿ ಇದಕ್ಕೆ ಮೊದಲೇ ಅನುಮತಿ ಬೇಕು, ವಿಮಾನ ನಿಲ್ದಾಣದಲ್ಲಿ ಗೊತ್ತಿರಲಿಲ್ಲ ಅಂದ್ರೆ ಕೇಳುವುದಿಲ್ಲ.

ಎದ್ದು ನಿಲ್ಲೋಣ. ಕೈ ಎತ್ತಲಿಕ್ಕೆ ಯಾರನ್ನೂ ಕರೆಯುವುದಿಲ್ಲ ಇವತ್ತು, ಕಣ್ಣು ಮುಚ್ಚಿ ಸಾಕು.

ಕರ್ತನೇ, ಈ ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ನೋಡುತ್ತಾ ಮಲಗುವ ಮಗಳನ್ನು ಮುಟ್ಟು. ಸೇತುವೆ ದಾಟಿ ಮನೆಗೆ ಹೋಗುವ ಮಗನು ಮನೆ ಮುಟ್ಟಲಿ. ನಾಳೆ ಮೊದಲ ಸಲ ಡಾಕ್ಟರ ಬಾಗಿಲು ತಟ್ಟುವವರಿಗೆ ಒಳ್ಳೇ ಡಾಕ್ಟರು ಸಿಗಲಿ, ಕಿವಿಗೊಟ್ಟು ಕೇಳುವವರು ಸಿಗಲಿ. ಮಾತ್ರೆ ಕಡಿಮೆ ಮಾಡುತ್ತಿರುವವರ ನಡುಗುವ ಕೈಯನ್ನು ನೀನೇ ಹಿಡಿ. ನಮ್ಮಲ್ಲಿ ಯಾರಾದರೂ ಜಾಲೀಗಿಡದ ಕೆಳಗೆ ಮಲಗಿದ್ದರೆ, ರೊಟ್ಟಿಯೂ ನೀರೂ ಹಿಡಿದುಕೊಂಡು ಹೋಗುವ ಒಬ್ಬರನ್ನು ಈ ಸಭೆಯಿಂದಲೇ ಎಬ್ಬಿಸಿ ಕಳುಹಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.