ಗುರುವಿನ ಕೈ, ಶಿಷ್ಯರ ಶೈಲಿ

ಯೋಗ ಕಲಿಸಲು ಹೊರಟ ಹೊಸಬರಿಗೆ ಇಂದು ಎರಡು ಮಾತುಗಳು ಒಟ್ಟಿಗೇ ಕೇಳಿಸುತ್ತವೆ. ಒಂದು, ಪರಂಪರೆಗೆ ನಿಷ್ಠರಾಗಿರಿ ಎನ್ನುವುದು. ಇನ್ನೊಂದು, ನಿಮ್ಮದೇ ಒಂದು ಶೈಲಿ ಕಂಡುಕೊಳ್ಳಿ ಎನ್ನುವುದು. 200 ಗಂಟೆಗಳ ತರಬೇತಿ ಮುಗಿಸಿ, ಪ್ರಮಾಣಪತ್ರ ಹಿಡಿದು, ಮೊದಲ ತರಗತಿಗೆ ಚಾಪೆ ಹಾಸುತ್ತಿರುವ ಯುವತಿಯೋ ಯುವಕನೋ ಈ ಎರಡರ ನಡುವೆ ಸಿಕ್ಕಿಕೊಂಡಿರುತ್ತಾರೆ. ಮೊದಲನೆಯದನ್ನು ಪಾಲಿಸಿದರೆ ಗುರುವಿನ ನಕಲಾಗಿ ಉಳಿಯುವ ಭಯ. ಎರಡನೆಯದನ್ನು ಪಾಲಿಸಿದರೆ ಗುರುದ್ರೋಹವಾದೀತೇನೋ ಎಂಬ ಅಳುಕು. ಮೈಸೂರಿನ ಗೋಕುಲಂ ಬೀದಿಗಳಲ್ಲಿ ಓಡಾಡಿದವರಿಗೆ ಇಂಥ ಮುಖಗಳು ಅಪರಿಚಿತವಲ್ಲ.

ಈ ಎರಡು ಮಾತುಗಳು ಪರಸ್ಪರ ವಿರುದ್ಧವಾಗಿ ಕಂಡರೂ ಒಂದು ನಂಬಿಕೆಯಲ್ಲಿ ಒಂದಾಗಿವೆ. ಶೈಲಿ ಎಂದರೆ ನಾವು ಆಯ್ದುಕೊಳ್ಳುವ ಸಂಗತಿ ಎಂದು ಎರಡೂ ನಂಬುತ್ತವೆ. ಆದರೆ ಗುರುವಿನಿಂದ ಶಿಷ್ಯರಿಗೆ ಬರುವುದರಲ್ಲಿ ಆಯ್ದುಕೊಂಡದ್ದು ಎಷ್ಟು, ಆಯ್ದುಕೊಳ್ಳದೆಯೇ ಅಂಟಿಕೊಂಡದ್ದು ಎಷ್ಟು? ಈ ಪ್ರಶ್ನೆ ಕೇಳಲು ಮೈಸೂರಿಗಿಂತ ಒಳ್ಳೆಯ ಜಾಗ ಇಲ್ಲ.

ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ ‘ಯೋಗ ಮಕರಂದ’ 1934ರಲ್ಲಿ ಮೊದಲು ಪ್ರಕಟವಾದದ್ದು ಕನ್ನಡದಲ್ಲಿ. ಅವರ ಕೈಕೆಳಗೆ ಕಲಿತವರನ್ನು ಒಮ್ಮೆ ನೆನೆಯೋಣ. ಹಾಸನದ ಹತ್ತಿರದ ಕೌಶಿಕದಿಂದ ಬಂದ ಪಟ್ಟಾಭಿ ಜೋಯಿಸರು ಉಸಿರಿಗೆ ಚಲನೆಯನ್ನು ಹೊಂದಿಸಿ, ಒಂದರ ಹಿಂದೊಂದು ಬರುವ ಗೊತ್ತಾದ ಆಸನಗಳ ಸರಣಿಯನ್ನು ಕಲಿಸಿದರು. ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಒಂದೊಂದು ಆಸನದಲ್ಲೂ ದೀರ್ಘವಾಗಿ ನಿಲ್ಲಿಸಿ, ಹಿಮ್ಮಡಿ ಎಲ್ಲಿದೆ, ಮಂಡಿಚಿಪ್ಪು ಎತ್ತ ನೋಡುತ್ತಿದೆ ಎಂದು ಗಮನಿಸಿದರು. ರೀಗಾದಲ್ಲಿ ಹುಟ್ಟಿದ ಇಂದ್ರಾ ದೇವಿ ಮುಂದೆ ಹಾಲಿವುಡ್‌ನಲ್ಲಿ ಶಾಲೆ ತೆರೆದು ಮೃದುವಾದ ಅಭ್ಯಾಸ ಹೇಳಿಕೊಟ್ಟರು. ಇಂಜಿನಿಯರಿಂಗ್ ಓದಿದ್ದ ಮಗ ದೇಶಿಕಾಚಾರ್ ಮದರಾಸಿನಲ್ಲಿ ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಆ ಒಬ್ಬರಿಗೆ ಬೇಕಾದಷ್ಟನ್ನೇ ಕಲಿಸುವ ದಾರಿ ಹಿಡಿದರು. ಗುರು ಒಬ್ಬರೇ, ಶೈಲಿ ನಾಲ್ಕು.

ಸಂಗೀತ ಬಲ್ಲವರಿಗೆ ಇದು ಅಚ್ಚರಿಯಲ್ಲ. ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಲಿತ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರ ಗಾಯನವನ್ನು ಯಾರೂ ಅದಲುಬದಲಾಗಿ ಗುರುತಿಸಲಾರರು. ಕಂಠ ಬೇರೆ, ಬಾಳು ಬೇರೆ, ಹಾಗಾಗಿ ಹಾಡೂ ಬೇರೆ. ಯೋಗದಲ್ಲಿ ಇದರ ಜೊತೆಗೆ ಇನ್ನೊಂದು ಕಾರಣ ಸೇರುತ್ತದೆ: ಎದುರಿಗಿರುವ ದೇಹ. 1937ರಲ್ಲಿ ಗುರುವಿನ ಅಪ್ಪಣೆಯಂತೆ ಪುಣೆಗೆ ಹೋದಾಗ ಅಯ್ಯಂಗಾರರಿಗೆ 18 ವರ್ಷ. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವನ್ನೂ ಕಂಡಿದ್ದ ಮೈ. ಬಗ್ಗದ ತಮ್ಮ ದೇಹವನ್ನು ಬಗ್ಗಿಸುತ್ತ, ತಮಗಿಂತ ಹಿರಿಯರಿಗೂ ರೋಗಿಗಳಿಗೂ ಕಲಿಸುತ್ತ ಹೋದಂತೆ ಹಗ್ಗ, ಮರದ ತುಂಡು, ಕುರ್ಚಿ, ಕಂಬಳಿಗಳು ಅವರ ಪಾಠದೊಳಗೆ ಬಂದವು. ನೆಲಕ್ಕೆ ಕೈ ತಾಗದವರಿಗೆ ನೆಲವನ್ನೇ ಕೈಯ ಹತ್ತಿರಕ್ಕೆ ತಂದರೆ ಆಯಿತಲ್ಲ! ಇಂದು ಅಯ್ಯಂಗಾರ್ ಶೈಲಿ ಎಂದು ಲೋಕ ಕರೆಯುವುದರಲ್ಲಿ ದೊಡ್ಡ ಪಾಲು ಹೀಗೆ ಯಾರದೋ ಅಗತ್ಯಕ್ಕೆ ಕೊಟ್ಟ ಉತ್ತರ. ನನ್ನದು ಎಂಬ ಮುದ್ರೆ ಅದಕ್ಕೆ ಆಮೇಲೆ ಬಿದ್ದದ್ದು.

ಹಾಗಾದರೆ ಕೃಷ್ಣಮಾಚಾರ್ಯರಿಗೆ ಸ್ಫೂರ್ತಿ ಎಲ್ಲಿಂದ ಬಂತು? ಹಿಮಾಲಯದಾಚೆ ರಾಮಮೋಹನ ಬ್ರಹ್ಮಚಾರಿಗಳೆಂಬ ಗುರುವಿನ ಬಳಿ ಕಲಿತೆನೆಂದು ಅವರು ಹೇಳುತ್ತಿದ್ದರು. ‘ಯೋಗ ಕುರುಂಟ’ವೆಂಬ ಹಳೆಯ ಗ್ರಂಥವೊಂದು ಕಲ್ಕತ್ತೆಯಲ್ಲಿ ಸಿಕ್ಕಿತ್ತು, ಅದರ ಪ್ರತಿಯನ್ನು ಇರುವೆಗಳು ತಿಂದುಬಿಟ್ಟವು ಎಂಬ ಕಥೆ ಜೋಯಿಸರ ಶಿಷ್ಯವರ್ಗದಲ್ಲಿದೆ. ಆ ಗ್ರಂಥ ಸಂಶೋಧಕರ ಕೈಗೆ ಸಿಕ್ಕಿಲ್ಲ. 1996ರಲ್ಲಿ ನಾರ್ಮನ್ ಸ್ಯೋಮನ್ ಮೈಸೂರು ಅರಮನೆಯ ಯೋಗ ಪರಂಪರೆಯ ಬಗ್ಗೆ ಪುಸ್ತಕ ಬರೆದು, ಈ ಅಭ್ಯಾಸಗಳಲ್ಲಿ ಗರಡಿಯ ಕಸರತ್ತು ಮತ್ತು ಪಾಶ್ಚಾತ್ಯ ಜಿಮ್ನಾಸ್ಟಿಕ್ಸ್ ಬೆರೆತಿವೆ ಎಂದು ವಾದಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶ್ರೀತತ್ತ್ವನಿಧಿ’ಯ 122 ಆಸನಗಳ ಚಿತ್ರಗಳನ್ನೂ ಅವರು ಬೆಳಕಿಗೆ ತಂದರು. ಆ ಕಾಲದ ಗಾಳಿಯೇ ಹಾಗಿತ್ತು. ‘ಶಾಂತಲಾ’ ಕಾದಂಬರಿಯಿಂದ ನಮಗೆ ಪರಿಚಿತರಾದ ಕೆ.ವಿ. ಅಯ್ಯರ್ ಆಗ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತ, ಅಂಗಸಾಧನೆಗೆ ಸೂರ್ಯನಮಸ್ಕಾರವನ್ನೂ ಹೊಂದಿಸುತ್ತಿದ್ದರು.

ಇದನ್ನೆಲ್ಲ ಓದಿ ಕೃಷ್ಣಮಾಚಾರ್ಯರು ಲೋಕವನ್ನು ನಂಬಿಸಿದರು ಎಂದು ತೀರ್ಪು ಕೊಡುವ ಅವಸರ ನನಗಿಲ್ಲ. ಅವರು ಬೆಳೆದ ವಿದ್ವತ್ ಲೋಕದಲ್ಲಿ ‘ಇದು ನನ್ನದು’ ಎನ್ನುವುದು ಅವಿನಯ. ಹೊಸದನ್ನು ಹೇಳಿದವರೂ ಅದನ್ನು ಹಳೆಯದರ ವ್ಯಾಖ್ಯಾನವೆಂದೇ ಹೇಳುತ್ತಿದ್ದರು. ನಮ್ಮ ಕಾಲದ್ದು ಇದರ ತಿರುವುಮುರುವು. ‘ಇದು ನನ್ನದಲ್ಲ’ ಎಂದರೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಹತ್ತು ಕಡೆಯಿಂದ ಆಯ್ದದ್ದಕ್ಕೆ ತನ್ನ ಹೆಸರಿಟ್ಟು, ಟ್ರೇಡ್‌ಮಾರ್ಕ್ ಮಾಡಿಸಿ, ಇನ್‌ಸ್ಟಾಗ್ರಾಂನಲ್ಲಿ ಹರಿಯಬಿಡುವುದು ಈಗಿನ ರೀತಿ. ಎರಡರಲ್ಲೂ ಮುಚ್ಚಿಹೋಗುವುದು ಒಂದೇ, ಋಣ. ಯಾರಿಂದ ಏನು ಪಡೆದೆ, ಏನನ್ನು ಬದಲಿಸಿದೆ, ಯಾಕೆ ಬದಲಿಸಿದೆ ಎಂದು ತನ್ನ ವಿದ್ಯಾರ್ಥಿಗಳಿಗೆ ಸರಳವಾಗಿ ಹೇಳಬಲ್ಲ ಶಿಕ್ಷಕಿಗೆ ಪರಂಪರೆಯೂ ಸ್ವಂತಿಕೆಯೂ ಒಟ್ಟಿಗೇ ದಕ್ಕುತ್ತವೆ.

ಆದರೆ ಹೇಳಬಲ್ಲೆವು ಎಂದರೆ ನಮಗೆ ಗೊತ್ತಿದೆ ಎಂದರ್ಥ. ಗೊತ್ತಿಲ್ಲದೆ ಪಡೆದದ್ದರ ಗತಿ ಏನು?

ಕೃಷ್ಣಮಾಚಾರ್ಯರು ಕಠಿಣ ಗುರು. ಅಯ್ಯಂಗಾರರ ಅಕ್ಕನ ಗಂಡನೂ ಹೌದು. ಒಮ್ಮೆ ಪ್ರದರ್ಶನದಲ್ಲಿ, ತಾವು ಕಲಿತೇ ಇರದ ಹನುಮಾನಾಸನ ಮಾಡೆಂದು ಗುರು ಆಜ್ಞಾಪಿಸಿದ್ದನ್ನೂ ತೊಡೆಯ ಹಿಂಬದಿಯ ಸ್ನಾಯು ಹರಿದು ಬಹುಕಾಲ ನರಳಿದ್ದನ್ನೂ ಅಯ್ಯಂಗಾರರೇ ಹೇಳಿಕೊಂಡಿದ್ದಾರೆ. ದೇಹಕ್ಕೆ ಆಸರೆ ಕೊಡುವ ಹಗ್ಗ, ಕಂಬಳಿಗಳನ್ನು ಯೋಗಕ್ಕೆ ತಂದವರು ಅದೇ ಅಯ್ಯಂಗಾರರು. ತಾವು ಪಟ್ಟ ನೋವನ್ನು ಇನ್ನೊಬ್ಬರ ಅನುಕೂಲವಾಗಿ ಬದಲಿಸಿದರು ಎಂದು ಇದನ್ನು ಓದಬಹುದು. ಆದರೆ ತರಗತಿಯಲ್ಲಿ ಅವರು ಗದರುತ್ತಿದ್ದರು, ಕೈಯೆತ್ತಿ ಹೊಡೆಯುತ್ತಿದ್ದರು. ಬಿ.ಕೆ.ಎಸ್. ಎಂದರೆ ‘ಬೀಟ್, ಕಿಕ್, ಸ್ಲ್ಯಾಪ್’ ಎಂಬ ತಮಾಷೆ ವಿದೇಶಿ ಶಿಷ್ಯರ ನಡುವೆ ಚಾಲ್ತಿಯಲ್ಲಿತ್ತು. ಕಂಬಳಿ ಅವರು ಆಲೋಚಿಸಿ ತಂದದ್ದು. ಆ ಹೊಡೆತ, ನನ್ನ ಓದಿನಲ್ಲಿ, ಮೈಸೂರಿನಿಂದ ಅವರ ಜೊತೆಗೆ ಬಂದುಬಿಟ್ಟದ್ದು.

ಇನ್ನೂ ಕಷ್ಟದ ಉದಾಹರಣೆ ಪಟ್ಟಾಭಿ ಜೋಯಿಸರದು. ಮೈಸೂರು ಶೈಲಿ ಎಂದು ಜಗತ್ತು ಕರೆಯುವ ಕ್ರಮದಲ್ಲಿ ಪ್ರತಿಯೊಬ್ಬರೂ ತಮ್ಮ ಉಸಿರಿನ ಗತಿಗೆ ತಕ್ಕಂತೆ ಅಭ್ಯಾಸ ಮಾಡುತ್ತಾರೆ. ಗುರು ನಡುವೆ ಓಡಾಡುತ್ತ ಕೈಯಿಟ್ಟು ಸರಿಪಡಿಸುತ್ತಾರೆ. ಆ ಕೈಯನ್ನು ಎಷ್ಟೋ ಜನ ಪ್ರಸಾದವೆಂದು ಸ್ವೀಕರಿಸಿದರು. 2009ರಲ್ಲಿ ಅವರು ತೀರಿಕೊಂಡ ವರ್ಷಗಳ ನಂತರ, ಸರಿಪಡಿಸುವ ಹೆಸರಿನಲ್ಲಿ ತಮ್ಮನ್ನು ಲೈಂಗಿಕವಾಗಿ ಮುಟ್ಟಲಾಯಿತೆಂದು ಹಲವು ಶಿಷ್ಯೆಯರು ಬಹಿರಂಗವಾಗಿ ಹೇಳಿದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸ್ ಆ ನೋವಿಗೆ ವಿಷಾದ ವ್ಯಕ್ತಪಡಿಸಿ ಬರೆದರು. ಅಷ್ಟು ವರ್ಷ ಅದನ್ನು ಕಂಡವರು ಯಾಕೆ ಸುಮ್ಮನಿದ್ದರು? ಕೆಲವರಿಗೆ ಭಯ, ಕೆಲವರಿಗೆ ಹೊಟ್ಟೆಪಾಡು. ಇನ್ನು ಕೆಲವರಿಗೆ ಅದು ತಪ್ಪಾಗಿ ಕಂಡೇ ಇರಲಿಲ್ಲ. ಗುರುಗಳು ಕಲಿಸುವ ಶೈಲಿಯೇ ಅದು ಎಂದುಕೊಂಡಿದ್ದರು. ಶೈಲಿ ಎಂಬ ಮಾತು ಪ್ರಶ್ನೆಯನ್ನು ಬಾಯಿ ಮುಚ್ಚಿಸುವುದು ಹೀಗೆ. ಇಂದು ಆ ಪರಂಪರೆಯ ಹಲವು ಶಿಕ್ಷಕರು ‘ಮುಟ್ಟಬಹುದೇ?’ ಎಂದು ಮೊದಲು ಕೇಳುತ್ತಾರೆ. ಆಸನಗಳ ಸರಣಿ ಹಾಗೆಯೇ ಇದೆ. ಬದಲಾದದ್ದು ಒಂದು ಪ್ರಶ್ನೆ ಮಾತ್ರ. ಈಚಿನ ವರ್ಷಗಳಲ್ಲಿ ಅಲ್ಲಿ ಹುಟ್ಟಿದ ಅತ್ಯಂತ ಹೊಸ ಶೈಲಿ ಇದೇ ಎಂದು ನನಗನ್ನಿಸುತ್ತದೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ನಿನ್ನೆ ಮೊನ್ನೆ ಕಲಿತವರು ಗುರುವನ್ನು ಪರೀಕ್ಷಿಸುವುದೆಂದರೇನು? ಕಲಿಕೆಗೆ ಶರಣಾಗತಿ ಬೇಡವೇ? ಬೇಕು. ಅನುಕರಣೆ ಅವಮಾನವಲ್ಲ. ಅಕ್ಷರ ತಿದ್ದದೆ ಯಾರೂ ಬರೆದಿಲ್ಲ. ಮೂರು ತಿಂಗಳಲ್ಲಿ ಕ್ರಮ ಬದಲಿಸುವವರದು ಸೃಜನಶೀಲತೆಯಲ್ಲ, ಆತುರ. ಆದರೆ ಎರಡು ಬಗೆಯ ಪ್ರಶ್ನೆಗಳನ್ನು ಬಿಡಿಸಿ ನೋಡಬೇಕು. ಈ ಆಸನದ ನಂತರ ಆ ಆಸನವೇ ಯಾಕೆ ಎಂದು ವಾದಿಸಲು ಹತ್ತು ವರ್ಷದ ಅಭ್ಯಾಸ ಬೇಕಾದೀತು. ‘ನೋವಾಗುತ್ತಿದೆ’ ಎಂದವರ ಮಾತು ಕೇಳಿಸಿಕೊಳ್ಳಲು ಮೊದಲ ದಿನದ ಶಿಕ್ಷಕಿಗೂ ಅರ್ಹತೆಯಿದೆ. ವಿದ್ಯೆಯ ವಿಷಯದಲ್ಲಿ ಕಾಯಬೇಕು. ಮನುಷ್ಯರ ಘನತೆಯ ವಿಷಯದಲ್ಲಿ ಕಾಯುವಂತಿಲ್ಲ.

ಇದು ಯೋಗದವರ ಸಮಸ್ಯೆ ಮಾತ್ರವಲ್ಲ. ನಾವು ಸಂಶೋಧನಾ ವಿದ್ಯಾರ್ಥಿಗಳು ಮಾರ್ಗದರ್ಶಕರಿಂದ ಅಡಿಟಿಪ್ಪಣಿ ಹಾಕುವುದನ್ನು ಕಲಿಯುತ್ತೇವೆ. ಜೊತೆಗೆ, ಕಿರಿಯರನ್ನು ಬಾಗಿಲ ಹೊರಗೆ ಒಂದು ಗಂಟೆ ಕಾಯಿಸುವುದನ್ನೂ ಕಲಿಯುತ್ತೇವೆ. ಎರಡನೆಯದನ್ನು ಯಾರೂ ಪಾಠ ಮಾಡಿರುವುದಿಲ್ಲ. ನಾಳೆ ನಮ್ಮ ಬಾಗಿಲ ಹೊರಗೆ ಯಾರೋ ನಿಂತಾಗ ಅದು ತಾನಾಗಿ ಹೊರಬರುತ್ತದೆ.

ಕೃಷ್ಣಮಾಚಾರ್ಯರ ಕಥೆಯಲ್ಲೇ ಇದಕ್ಕೊಂದು ಬೆಳಕಿದೆ. 1950ರಲ್ಲಿ ಯೋಗಶಾಲೆ ಮುಚ್ಚಿತು. ಆಮೇಲೆ ಅವರು ಮದರಾಸಿಗೆ ಹೋದರು. ಅಲ್ಲಿ ಅವರ ಮುಂದೆ ಕುಳಿತವರು ಪ್ರದರ್ಶನಕ್ಕೆ ಸಜ್ಜಾಗುತ್ತಿದ್ದ ಹುಡುಗರಲ್ಲ. ಕಾಯಿಲೆಯವರು, ವಯಸ್ಸಾದವರು, ಸಂಸಾರಸ್ಥರು. ಅವರವರ ವಯಸ್ಸು, ಶಕ್ತಿ, ಬದುಕಿನ ಸ್ಥಿತಿ ನೋಡಿ ಅವರವರಿಗೆ ಬೇರೆ ಬೇರೆ ಅಭ್ಯಾಸ ಕೊಟ್ಟರು. ದೇಶಿಕಾಚಾರ್ ಕಲಿತದ್ದು ಈ ಗುರುವಿನಿಂದ. ಮೈಸೂರಿನ ಕೃಷ್ಣಮಾಚಾರ್ಯರೋ ಮದರಾಸಿನ ಕೃಷ್ಣಮಾಚಾರ್ಯರೋ, ಯಾರಿಗೆ ನಿಷ್ಠರಾಗಿರಬೇಕು? ಗುರುವೇ ತಮ್ಮ ಹಳೆಯ ಶೈಲಿಯಿಂದ ಆಚೆ ಬಂದಿದ್ದರೆ, ಅದನ್ನೇ ಹಿಡಿದು ಕೂರುವುದು ಎಂಥ ನಿಷ್ಠೆ?

ಹಾಗಾಗಿ ಹೊಸ ಶಿಕ್ಷಕಿಗೆ ‘ನಿನ್ನ ಶೈಲಿ ಯಾವುದು?’ ಎಂದು ನಾವು ಕೇಳದಿರುವುದು ಮೇಲು. ಮೊದಲ ಕೆಲವು ವರ್ಷ ಅವಳು ತನ್ನ ತರಗತಿ ಮುಗಿದ ಮೇಲೆ ಒಂದು ಸಣ್ಣ ಲೆಕ್ಕ ಬರೆದಿಟ್ಟುಕೊಳ್ಳಲಿ: ಇವತ್ತು ಎಲ್ಲಿ ನನ್ನ ದನಿ ಏರಿತು? ಅದು ಯಾರ ದನಿಯಂತಿತ್ತು? ಯಾರ ಮೈಮೇಲೆ ಕೇಳದೆ ಕೈಯಿಟ್ಟೆ? ಯಾರಿಗಾಗಿ ಕ್ರಮ ಬದಲಿಸಿದೆ? ಹತ್ತು ವರ್ಷದ ನಂತರ ಆ ಪುಸ್ತಕ ತಿರುವಿ ನೋಡಿದಾಗ ಉಳಿಸಿಕೊಂಡದ್ದು ಯಾವುದು, ಬಿಟ್ಟದ್ದು ಯಾವುದು ಎಂದು ಕಾಣುತ್ತದೆ. ಅಷ್ಟರಲ್ಲಿ ಅವಳ ಶೈಲಿಗೆ ಅವಳ ವಿದ್ಯಾರ್ಥಿಗಳೇ ಒಂದು ಹೆಸರಿಟ್ಟಿರುತ್ತಾರೆ.