ಮಾನ, ವಿಧಿ ಮತ್ತು ಒಂದು ದಿನ



ನವೆಂಬರ್ ತಿಂಗಳು ನಮ್ಮ ಮೃತರ ತಿಂಗಳು. ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುತ್ತೇವೆ, ಹೆಸರು ಬರೆದು ಪೂಜೆಗೆ ಕೊಡುತ್ತೇವೆ. ಆದರೆ ಕೆಲವು ಹೆಸರುಗಳನ್ನು ಕೊಡಲು ಮನೆಯವರೇ ಹಿಂಜರಿಯುತ್ತಾರೆ. ಅವು ತಾವಾಗಿಯೇ ಪ್ರಾಣ ಕಳೆದುಕೊಂಡವರ ಹೆಸರುಗಳು.

ಇಚಲಕರಂಜಿಯಲ್ಲಿ ಮಗ್ಗ ನಿಂತು ಸಾಲ ಏರಿದರೆ, ಗಡಹಿಂಗ್ಲಜ ಕಡೆ ಬೆಳೆ ಕೈಕೊಟ್ಟರೆ, ಮಗಳ ಮದುವೆ ಮುರಿದರೆ, ಮಗ ನಪಾಸಾದರೆ ನಮ್ಮ ಬಾಯಲ್ಲಿ ಮೊದಲು ಬರುವ ಮಾತು ‘ಮಾನ ಹೋಯಿತು’. ಅದರ ಹಿಂದೆಯೇ ಬರುವುದು ‘ಹಣೆಬರಹ’. ಮಾನ ಹೋದ ಮೇಲೆ ಬದುಕಿ ಏನು ಫಲ?

ಕ್ರಿ.ಪೂ. 5ನೇ ಶತಮಾನದ ಗ್ರೀಕ್ ನಾಟಕಕಾರ ಸೊಫೊಕ್ಲೀಸ್ ಈ ಪ್ರಶ್ನೆಯನ್ನೇ ‘ಅಜಾಕ್ಸ್’ ನಾಟಕದಲ್ಲಿ ಎತ್ತಿಕೊಂಡ. ನಮ್ಮ ಬಿ.ಎಂ. ಶ್ರೀಕಂಠಯ್ಯನವರು ಅಜಾಕ್ಸ್‌ನ ಜಾಗದಲ್ಲಿ ದ್ರೋಣನ ಮಗನನ್ನು ನಿಲ್ಲಿಸಿ ‘ಅಶ್ವತ್ಥಾಮನ್’ ಎಂಬ ಕನ್ನಡ ನಾಟಕ ಬರೆದರು.

ಮೂಲ ಕಥೆ ಹೀಗಿದೆ. ಸತ್ತ ವೀರನ ಆಯುಧಗಳು ತನಗೆ ಸಿಗದೆ ಒಡಿಸ್ಸಿಯಸ್‌ನ ಪಾಲಾದಾಗ ಅಜಾಕ್ಸ್ ಸಿಟ್ಟಿನಿಂದ ಕುದಿಯುತ್ತಾನೆ. ದೇವತೆಯೊಬ್ಬಳು ಅವನ ಬುದ್ಧಿಗೆ ಮಂಕು ಕವಿಸುತ್ತಾಳೆ. ಶತ್ರುಗಳೆಂದುಕೊಂಡು ದನಕುರಿಗಳನ್ನು ಕಡಿದುಹಾಕುತ್ತಾನೆ. ಎಚ್ಚರವಾದಾಗ ಅವಮಾನ ತಡೆಯಲಾರ. ಮಡದಿ ಮಗುವನ್ನು ತೋರಿಸಿ ಬೇಡಿಕೊಂಡರೂ ಪ್ರಾಣ ಬಿಡುತ್ತಾನೆ.

ಇದರಲ್ಲಿ ವಿಧಿಯ ಪಾಲೆಷ್ಟು? ದೇವತೆಯ ಕೋಪ ಆ ಒಂದು ದಿನ ಮಾತ್ರ. ಅಂದು ಅವನನ್ನು ಬಿಡಾರದೊಳಗೇ ಉಳಿಸಿಕೊಂಡರೆ ಬದುಕುತ್ತಾನೆಂದು ಕಣಿ ಹೇಳುವವನು ತಿಳಿಸಿರುತ್ತಾನೆ. ಸುದ್ದಿ ಬರುವುದು ತಡವಾಗುತ್ತದೆ. ವಿಧಿ ಎಂದು ನಾವು ಕೈಚೆಲ್ಲುವ ಎಷ್ಟೋ ಸಂಗತಿಗಳು ಹೀಗೇ, ಒಂದು ದಿನ ಜೊತೆಗೆ ಯಾರೂ ಇಲ್ಲದ್ದರಿಂದ ಆದವು.

ಶುಭಸಂದೇಶದಲ್ಲಿಯೂ ಒಂದೇ ರಾತ್ರಿ ಇಬ್ಬರು ಮಾನ ಕಳೆದುಕೊಂಡರು. ಪೇತ್ರ ತನ್ನ ಗುರುವನ್ನು ಮೂರು ಸಲ ನಿರಾಕರಿಸಿದ, ಯೂದ ಮಾರಿಕೊಂಡ. ಇಬ್ಬರೂ ಪಶ್ಚಾತ್ತಾಪಪಟ್ಟರು. ಯೂದ ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ಒಯ್ದು ತಪ್ಪು ಒಪ್ಪಿಕೊಂಡಾಗ, ಮುಖ್ಯಯಾಜಕರು ಅದಕ್ಕೂ ತಮಗೂ ಸಂಬಂಧವಿಲ್ಲವೆಂದುಬಿಟ್ಟರು. ಅವನು ಒಬ್ಬನೇ ಹೊರಗೆ ಹೋದ. ಪೇತ್ರ ಅತ್ತ, ಆದರೆ ಉಳಿದ ಶಿಷ್ಯರ ನಡುವೆಯೇ ಇದ್ದ. ಪುನರುತ್ಥಾನರಾದ ಪ್ರಭು ಅವನನ್ನು ಅಲ್ಲಿ ಕಂಡರು.

ಸ್ವತಃ ಪ್ರಭುವೇ ಬಟ್ಟೆ ಕಿತ್ತುಕೊಂಡವರ ಎದುರು, ಗುಲಾಮರಿಗೆ ಕೊಡುತ್ತಿದ್ದ ಶಿಕ್ಷೆಯಲ್ಲಿ ಸತ್ತರು. ಊರು ಕೊಟ್ಟು ಊರೇ ಕಿತ್ತುಕೊಳ್ಳುವ ಮಾನ ಮನುಷ್ಯನ ಬೆಲೆಯಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಮಗೆ ಬೇಕಿಲ್ಲ. ಜೀವ ದೇವರ ಕೊಡುಗೆ. ಅದನ್ನು ತೆಗೆಯುವ ಹಕ್ಕು ನಮಗಿಲ್ಲ ಎಂದು ಧರ್ಮಸಭೆ ಕಲಿಸುವುದು ಆ ಬೆಲೆಯನ್ನು ಕಾಯುವುದಕ್ಕಾಗಿಯೇ.

ಸೊಫೊಕ್ಲೀಸ್‌ನ ನಾಟಕ ಸಾವಿನೊಂದಿಗೆ ಮುಗಿಯುವುದಿಲ್ಲ. ಶವಕ್ಕೆ ಮಣ್ಣು ಕೊಡಬಾರದೆಂದು ಅರಸರು ಹಟ ಹಿಡಿಯುತ್ತಾರೆ. ಮಣ್ಣಾಗಬೇಕೆಂದು ವಾದಿಸಿ ಗೆಲ್ಲುವವನು ಒಡಿಸ್ಸಿಯಸ್, ಅಜಾಕ್ಸ್‌ನ ವೈರಿ.

ನಮ್ಮಲ್ಲಿಯೂ ಆ ಹಟವಿತ್ತು. 1917ರ ಧರ್ಮಸಭೆಯ ಕಾನೂನು ಸಂಹಿತೆ, ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಲ್ಲಿ ಸಾಯುವ ಮುನ್ನ ಪಶ್ಚಾತ್ತಾಪದ ಗುರುತು ಕಾಣದಿದ್ದರೆ ಕ್ರೈಸ್ತ ಅಂತ್ಯಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ನಿರಾಕರಣೆಯ ಪಟ್ಟಿಯೊಳಗೆ ಅವರಿಲ್ಲ. ತೀವ್ರ ಮಾನಸಿಕ ಕ್ಷೋಭೆ, ಭಯ, ಸಂಕಟಗಳು ಅವರ ಹೊಣೆಯನ್ನು ಕಡಿಮೆ ಮಾಡಬಲ್ಲವು, ಅವರ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು ಎಂದು 1992ರ ಧರ್ಮೋಪದೇಶ ಗ್ರಂಥ ಕಲಿಸುತ್ತದೆ. ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ. ಕಾನೂನು ಬದಲಾಯಿತು, ನಮ್ಮ ಪಿಸುಮಾತು ಬದಲಾಗಬೇಕು.

ಹಾಗಾಗಿ ಈ ತಿಂಗಳು ಎರಡು ಕೆಲಸ ಮಾಡೋಣ. ಅಂಥ ಸಾವು ಕಂಡ ಮನೆಗೆ ಹೋಗಿ ಕುಳಿತುಕೊಳ್ಳೋಣ. ಕಾರಣ ಕೇಳುವುದು ಬೇಡ, ಹೆಸರು ಕೇಳಿ ಪೂಜೆಗೆ ಬರೆಸೋಣ. ಯಾರಾದರೂ ಮಾನ ಹೋಯಿತೆಂದು ಮುದುಡಿ ಕುಳಿತಿದ್ದರೆ, ಅಂದು ಅವರನ್ನು ಒಂಟಿಯಾಗಿ ಬಿಡದಿರೋಣ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆ ಹಗಲಿರುಳು ಉಚಿತವಾಗಿ ಸಿಗುತ್ತದೆ. ಫೋನು ಹಚ್ಚಿಕೊಟ್ಟು, ಮಾತು ಮುಗಿಯುವವರೆಗೆ ಪಕ್ಕದಲ್ಲಿರೋಣ.