ದಾನದ ಎಮ್ಮೆಯ ಹಲ್ಲು

ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅಂತಾರೆ. ಪುಕ್ಕಟೆ ಸಿಕ್ಕಿದೆ, ಸುಮ್ಮನೆ ಕೊಟ್ಟಿಗೆಗೆ ಕಟ್ಟಿಕೋ ಅನ್ನೋದು ಅದರ ತಾತ್ಪರ್ಯ. ಈ ಮಾತು ಹುಟ್ಟಿಸಿದವರು ಎಮ್ಮೆ ಕೊಟ್ಟವರೇ ಇರಬೇಕು ಅಂತ ನನಗೊಂದು ಗುಮಾನಿ.

ಬೆಂಗಳೂರಲ್ಲಿ ಕೆಲಸ ಮಾಡೋ ಕೋಲಾರ ಜಿಲ್ಲೆಯವರಲ್ಲಿ ಎಷ್ಟೋ ಜನರ ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇರುತ್ತೆ. ಹೊಸದು ಬಂದ ಮೇಲೆ ಅದು ಮಾಲೂರಿಗೋ, ಮುಳಬಾಗಿಲಿಗೋ, ಶ್ರೀನಿವಾಸಪುರಕ್ಕೋ ಬಸ್ಸು ಹತ್ತುತ್ತೆ. ಊರಿನ ಮನೆಗೆ ಬ್ರಾಡ್‌ಬ್ಯಾಂಡ್ ಕೇಬಲ್ಲು ಬಂದಿದ್ದರೆ, ಅಕ್ಕಪಕ್ಕದ ಮಕ್ಕಳೂ ಓದ್ಕೊಳ್ಳಲಿ, ಇದನ್ನೇ ವೈಫೈ ಆಕ್ಸೆಸ್ ಪಾಯಿಂಟ್ ಮಾಡಿಬಿಡೋಣ ಅನ್ನೋ ಯೋಚನೆ ಬರುತ್ತೆ. ಒಳ್ಳೇ ಯೋಚನೆ. ಮಹಾ ಕಷ್ಟವೂ ಇಲ್ಲ. ಲಿನಕ್ಸ್ ಹಾಕಿ, ಆಕ್ಸೆಸ್ ಪಾಯಿಂಟ್ ಮೋಡ್ ಇರೋ ಯುಎಸ್‌ಬಿ ವೈಫೈ ಅಡಾಪ್ಟರ್ ಸಿಕ್ಕಿಸಿದರೆ ಅರ್ಧ ಕೆಲಸ ಆಯ್ತು. ಹೋಸ್ಟ್‌ಎಪಿಡಿ ಅನ್ನೋ ತಂತ್ರಾಂಶ ಸಿಗ್ನಲ್ ಬಿಡುತ್ತೆ, ಡಿಎನ್‌ಎಸ್‌ಮಾಸ್ಕ್ ಬಂದ ಫೋನುಗಳಿಗೆಲ್ಲ ಐಪಿ ವಿಳಾಸ ಹಂಚುತ್ತೆ, ಕರ್ನಲ್ ನಡುವೆ ನಿಂತು ಅತ್ತಲಿಂದಿತ್ತ ದಾಟಿಸುತ್ತೆ. ಒಂದು ಭಾನುವಾರ ಸಾಕು.

ತೊಡಕಿರೋದು ಹಳೇತನದಲ್ಲಿ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ಆಮೇಲೆ ಬಿದ್ದ ತೂತುಗಳನ್ನ ಮನೆ ಬಳಕೆಯವರಿಗೆ ಮುಚ್ಚಿಕೊಡೋರಿಲ್ಲ. ತೀರಾ ಹಳೇ ವೈಫೈ ಕಾರ್ಡುಗಳಿಗೆ ಗೊತ್ತಿರೋದು ವೆಪ್ ಅನ್ನೋ ಒಂದೇ ಬೀಗ. ಅದನ್ನ ಮುರಿಯೋ ದಾರಿ 2001ರಲ್ಲೇ ಜಗಜ್ಜಾಹೀರಾಗಿದೆ. ಗಟ್ಟಿ ಬೀಗ ಡಬ್ಲ್ಯುಪಿಎ2 ಬಂದದ್ದು 2004ರಲ್ಲಿ. ಕರೆಂಟಿನ ಲೆಕ್ಕವೂ ಇದೆ. 80 ವ್ಯಾಟ್ ಎಳೆಯೋ ಡೆಸ್ಕ್‌ಟಾಪ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 58 ಯೂನಿಟ್ ಹತ್ತಿರ ಆಗುತ್ತೆ. 8 ವ್ಯಾಟಿನ ರೂಟರ್‌ಗೆ 6 ಯೂನಿಟ್ಟೂ ಆಗಲ್ಲ. ಪುಕ್ಕಟೆ ಕೊಟ್ಟದ್ದಕ್ಕೆ ಬಿಲ್ಲು ಕಟ್ಟೋರು ಊರಲ್ಲಿರೋರು.

ಬಿಲ್ಲು ಒಂದೇ ಆದರೆ ಪರವಾಗಿಲ್ಲ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಸಂಬಂಧಿಸಿದ ಇ-ಮೇಲ್ ಹೋಗಿದ್ದು ನವಿ ಮುಂಬಯಿಯ ಮನೆಯೊಂದರ ವೈಫೈ ಮೂಲಕ. ತನಿಖೆ ಮೊದಲು ಮುಟ್ಟಿದ್ದು ಆ ಮನೆಯ ಬಾಗಿಲನ್ನ. ಬೀಗವಿಲ್ಲದ ವೈಫೈ ಯಾರ ಹೆಸರಲ್ಲಿದೆಯೋ ಉತ್ತರ ಕೊಡಬೇಕಾದವರು ಅವರು, ಊರಲ್ಲಿರೋ ಅಪ್ಪ ಅಮ್ಮ.

ಹಾಗಾದರೆ, ಯಾವ ಯಂತ್ರದಲ್ಲಿ ನಮ್ಮ ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡೋಕೆ ನಾವೇ ಹೆದರ್ತೀವೋ ಅದನ್ನ ಇನ್ನೊಬ್ಬರ ಕೈಗಿಟ್ಟರೆ ಅದು ದಾನವೋ, ಸಾಗಹಾಕೋದೋ?

ಕಠೋಪನಿಷತ್ತು ಶುರುವಾಗೋದೇ ಈ ಪ್ರಶ್ನೆಯಿಂದ. ಅಪ್ಪ ಯಾಗ ಮಾಡಿ ಹಸುಗಳನ್ನ ದಾನ ಕೊಡ್ತಿದ್ದಾನೆ. ಹಾಲು ಬತ್ತಿದ, ಇನ್ನು ಕರು ಹಾಕದ, ಮೇಯೋ ಶಕ್ತಿಯೂ ಇಲ್ಲದ ಹಸುಗಳು. ಹುಡುಗ ನಚಿಕೇತನಿಗೆ ಅದನ್ನ ನೋಡಿ ಕಸಿವಿಸಿ. ನನ್ನನ್ನ ಯಾರಿಗೆ ಕೊಡ್ತೀಯಪ್ಪ ಅಂತ ಮತ್ತೆ ಮತ್ತೆ ಕೇಳ್ತಾನೆ. ಅಪ್ಪನಿಗೆ ರೇಗಿ, ಯಮನಿಗೆ ಕೊಟ್ಟೆ ಹೋಗು ಅಂದುಬಿಡ್ತಾನೆ. ಆ ಸಿಟ್ಟು ನಮಗೆ ಹೊಸದಲ್ಲ. ಊರಿಂದ "ಅಣ್ಣಾ, ವೈಫೈ ಬರ್ತಾ ಇಲ್ಲ" ಅಂತ ಮೂರನೇ ಸಲ ಫೋನ್ ಬಂದಾಗ, ಕೊಟ್ಟಿದ್ದೇ ಹೆಚ್ಚು ಅಂತ ಮನಸ್ಸಲ್ಲಿ ಗೊಣಗೋದು ಅದೇ ಅಪ್ಪ.

ಕೋಲಾರದವರಿಗೆ ಇದರ ದೊಡ್ಡ ರೂಪವೂ ಗೊತ್ತು. ಬೆಂಗಳೂರು ಬಳಸಿ ಬಿಟ್ಟ ನೀರನ್ನ ಎರಡು ಹಂತ ಶುದ್ಧ ಮಾಡಿ ಜಿಲ್ಲೆಯ ಕೆರೆಗಳಿಗೆ ತುಂಬಿಸೋ ಕೆ.ಸಿ. ವ್ಯಾಲಿ ಯೋಜನೆ, ಗುರಿ ದಿನಕ್ಕೆ 440 ದಶಲಕ್ಷ ಲೀಟರ್. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಜುಲೈನಲ್ಲಿ ನೊರೆಯೂ ಬಂತು. ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನೋ ಕೂಗು ಎದ್ದಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಜೀವನದಿಯೇ ಇಲ್ಲದ, ಬೋರ್‌ವೆಲ್ಲು ಸಾವಿರ ಅಡಿ ದಾಟಿದರೂ ಧೂಳು ಕಾರೋ ಜಿಲ್ಲೆಯಲ್ಲಿ ತುಂಬಿದ ಕೆರೆ ನೋಡಿ ಕೈಮುಗಿದವರೂ ಇದ್ದಾರೆ, ಇದು ನಮ್ಮ ಮಣ್ಣಿಗೆ ಏನು ಮಾಡುತ್ತೋ ಅಂತ ಹೆದರಿದವರೂ ಇದ್ದಾರೆ. ಇಬ್ಬರೂ ಒಂದೇ ಮನೆಯಲ್ಲಿರಬಹುದು. ನೀರನ್ನ ಒಪ್ಪಿಕೊಂಡು ಮೂರನೇ ಹಂತ ಕೇಳೋದು ಕೃತಘ್ನತೆ ಆಗಲ್ಲ. ಬಾಯಾರಿದವರಿಗೂ ನೀರು ಎಂಥದ್ದು ಅಂತ ಕೇಳೋ ಹಕ್ಕಿದೆ.

ಹಾಗಂತ ಹಳೇದನ್ನ ಕೊಡಲೇಬಾರದು ಅಂದರೆ ಅದೂ ತಪ್ಪಾಗುತ್ತೆ. ನಮ್ಮ ಶುದ್ಧ ಮನಸ್ಸಾಕ್ಷಿ ಬೆಂಗಳೂರಲ್ಲಿ ಬೆಚ್ಚಗಿರುತ್ತೆ, ಶ್ರೀನಿವಾಸಪುರದ ಹುಡುಗಿ ಪರೀಕ್ಷೆಯ ರಿಸಲ್ಟ್ ನೋಡೋಕೆ ಸಿಗ್ನಲ್ ಹುಡುಕ್ತಾ ಮಾವಿನ ತೋಪಿನ ದಿಬ್ಬ ಹತ್ತುತ್ತಾಳೆ. ಅರವಟ್ಟಿಗೆಯಲ್ಲಿ ನೀರು ಕೊಡೋರು ಬೆಳ್ಳಿ ಲೋಟ ಬರಲಿ ಅಂತ ಕಾಯಲ್ಲ. ಆದರೆ ಮಡಕೆ ದಿನಾ ತೊಳೀತಾರೆ, ಮೇಲೊಂದು ಬಟ್ಟೆ ಮುಚ್ಚುತಾರೆ.

ನನ್ನ ಲೆಕ್ಕಕ್ಕೆ ದಾನಕ್ಕೂ ಸಾಗಹಾಕೋದಕ್ಕೂ ಇರೋ ವ್ಯತ್ಯಾಸ ಆ ತೊಳೆಯೋದರಲ್ಲಿದೆ. ವಸ್ತು ಎಷ್ಟು ಹಳೇದು ಅನ್ನೋದು ಆಮೇಲಿನ ಮಾತು. ಸಾಗಹಾಕಿದವನ ಸಂಬಂಧ ಬಸ್ಸು ಹೊರಟ ಕೂಡಲೇ ಮುಗಿಯುತ್ತೆ. ಕೊಟ್ಟವನ ಸಂಬಂಧ ಅಲ್ಲಿಂದ ಶುರುವಾಗುತ್ತೆ. ಹಳೇ ಯಂತ್ರಕ್ಕೆ ಇವತ್ತಿಗೂ ಅಪ್‌ಡೇಟ್ ಸಿಗೋ ಲಿನಕ್ಸ್ ಹಾಕೋದು, ಡಬ್ಲ್ಯುಪಿಎ2 ಬಾರದ ಅಡಾಪ್ಟರನ್ನ ಪಕ್ಕಕ್ಕಿಡೋದು, ಇದರಲ್ಲಿ ಏನು ಮಾಡಬಹುದು, ಏನು ಮಾಡಬಾರದು ಅಂತ ಮನೆಯವರಿಗೆ ಕನ್ನಡದಲ್ಲಿ ಬಿಡಿಸಿ ಹೇಳೋದು, ಕರೆಂಟು ಬಿಲ್ಲಿಗೆ ನಮ್ಮ ಪಾಲು ಕಳಿಸೋದು. ಮೂರನೇ ಹಂತ ಅಂದರೆ ಇಷ್ಟೇ. ಲೆಕ್ಕ ಹಾಕಿದ ಮೇಲೆ ಹೊಸ ರೂಟರೇ ಅಗ್ಗ ಅಂತ ಗೊತ್ತಾದರೆ ಅದನ್ನೇ ಕೊಂಡು ಕೊಡೋದು.

ಎಮ್ಮೆಯ ಹಲ್ಲು ಎಣಿಸಲೇಬೇಕು, ಆದರೆ ಹಗ್ಗ ಇನ್ನೂ ನಮ್ಮ ಕೈಯಲ್ಲಿರುವಾಗ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ, ಒಬ್ಬಟ್ಟಿನ ಊಟ ಮುಗಿಸಿ ಮಲಗೋ ಮುಂಚೆ, ಆ ಡಬ್ಬದ ಮುಂದೆ ಕೂತು ಒಂದು ಅಪ್‌ಡೇಟ್ ಓಡಿಸಿ ಬನ್ನಿ. ಪಕ್ಕದ ಮನೆ ಹುಡುಗ ಬಂದು ಏನೇನೋ ಕೇಳಿದರೆ, ರೇಗಬೇಡಿ.